ಬಾಲಿಯಲ್ಲಿ ಒಂಬತ್ತು ರಾತ್ರಿ: ಮೊಣಕಾಲು ನೋವಿನ ಅಮ್ಮನೊಂದಿಗೆ ನಿಧಾನದ ಪ್ರವಾಸ ಸಾಧ್ಯವೇ?

ಸಾಗರದ ಕಡೆಯವನು

ಎಲ್ಲರಿಗೂ ನಮಸ್ಕಾರ. 2026ರ ಮೇ 9ರಿಂದ 18ರವರೆಗೆ, ಮಗಳ ಬೇಸಿಗೆ ರಜೆ ಮುಗಿಯುವುದರೊಳಗೆ, ಬಾಲಿ ದ್ವೀಪಕ್ಕೆ ಹೋಗಿಬರಬೇಕೆಂದು ನಿಶ್ಚಯಿಸಿದ್ದೇವೆ. ನಾನು, ನನ್ನ ಹೆಂಡತಿ, ಹತ್ತು ವರ್ಷದ ಮಗಳು ಮತ್ತು 68 ವರ್ಷದ ನನ್ನ ತಾಯಿ, ಹೀಗೆ ನಾವು ನಾಲ್ವರು. ಅಮ್ಮನಿಗೆ ಎರಡೂ ಮೊಣಕಾಲುಗಳಲ್ಲಿ ನೋವಿದೆ. ಸಮತಟ್ಟಾದ ದಾರಿಯಾದರೆ ಎರಡು ಕಿಲೋಮೀಟರ್ ನಡೆದಾರು, ಮೆಟ್ಟಿಲು ಕಂಡರೆ ಮಾತ್ರ ಮುಖ ಸಣ್ಣದಾಗುತ್ತದೆ. ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿ ಅವರು.

ಟ್ರಾವೆಲ್ ಏಜೆನ್ಸಿಯೊಂದು ಕಳುಹಿಸಿದ ಪಟ್ಟಿಯಲ್ಲಿ ನಾಲ್ಕು ಹೋಟೆಲುಗಳೂ ಹದಿನೇಳು ಸ್ಥಳಗಳೂ ಇದ್ದವು. ಒಂದು ದಿನವಂತೂ ರಾತ್ರಿ ಎರಡು ಗಂಟೆಗೇ ಎದ್ದು ಹೊರಡಬೇಕಿತ್ತು. ಅದನ್ನು ಓದಿದ ಅಮ್ಮ "ಇದಕ್ಕಿಂತ ಮದುವೆ ಮನೆಯ ಓಡಾಟವೇ ವಾಸಿ" ಎಂದುಬಿಟ್ಟರು. ನಮಗೆ ಬೇಕಿರುವುದು ಬೆಳಿಗ್ಗೆ ನಿಧಾನವಾಗಿ ಎದ್ದು, ಸಮುದ್ರ ನೋಡಿ, ಒಂದಿಷ್ಟು ಗದ್ದೆ, ಒಂದೆರಡು ದೇವಸ್ಥಾನ ನೋಡಿಕೊಂಡು ಬರುವಂಥ ರಜೆ. ಎಲ್ಲಿ ಉಳಿಯಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಹೆಗಲ ಮೇಲಿನ ಚೀಲ

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಅಷ್ಟು ದೂರ ಹಾರಿ, ನಾಲ್ವರ ವೀಸಾಕ್ಕೆ ದುಡ್ಡು ತೆತ್ತು ಹೋದ ಮೇಲೆ ಲೆಂಪುಯಾಂಗ್ ದೇವಾಲಯದ ಸೀಳುಬಾಗಿಲನ್ನೂ ನೂಸಾ ಪೆನಿಡಾ ದ್ವೀಪದ ಕೆಲಿಂಗ್‌ಕಿಂಗ್ ಬಂಡೆಯನ್ನೂ ನೋಡದೆ ಹಿಂತಿರುಗುವುದೆಂದರೆ ಕಾಶಿಗೆ ಹೋಗಿ ವಿಶ್ವನಾಥನನ್ನು ನೋಡದೆ ಬಂದಂತೆ. ಕಳೆದ ವರ್ಷ ನಾವು ನಾಲ್ವರು ಗೆಳೆಯರು ಐದೇ ದಿನಗಳಲ್ಲಿ ಇವೆರಡರ ಜೊತೆಗೆ ಬಾಟೂರ್ ಬೆಟ್ಟದ ಸೂರ್ಯೋದಯವನ್ನೂ ಮುಗಿಸಿ ಬಂದೆವು. ಚಾಲಕನೊಡನೆ ಒಳ್ಳೆಯ ಕಾರು ಗೊತ್ತುಮಾಡಿದರೆ ಹಿರಿಯರಿಗೂ ಕಷ್ಟವಾಗದು. ನಕ್ಷೆಯಲ್ಲಿ ಎಲ್ಲವೂ ಮೂವತ್ತು, ನಲವತ್ತು ಕಿಲೋಮೀಟರಿನೊಳಗೇ ಇವೆ.

ಸನೂರಿನ ಕನ್ನಡತಿ

ಗಂಡನ ಕೆಲಸದ ನಿಮಿತ್ತ ಆರು ವರ್ಷಗಳಿಂದ ಸನೂರಿನಲ್ಲಿದ್ದೇನೆ. ಊರಿನಿಂದ ಬಂದ ಅತ್ತೆ ಮಾವ, ಚಿಕ್ಕಮ್ಮಂದಿರನ್ನು ಕರೆದುಕೊಂಡು ಇಲ್ಲೆಲ್ಲ ಸುತ್ತಿಸಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಆ "ಮೂವತ್ತು, ನಲವತ್ತು ಕಿಲೋಮೀಟರ್" ವಿಷಯ. ಬಾಲಿ ನಮ್ಮ ಕೊಡಗಿನ ಒಂದೂವರೆ ಪಟ್ಟಿನಷ್ಟೂ ಇಲ್ಲದ ದ್ವೀಪವಾದರೂ ಇಲ್ಲಿನ ದೂರವನ್ನು ಕಿಲೋಮೀಟರಿನಲ್ಲಿ ಅಳೆದವರು ಮೋಸಹೋಗುತ್ತಾರೆ. ದಕ್ಷಿಣ ಭಾಗದ ರಸ್ತೆಗಳು ಇಕ್ಕಟ್ಟು. ಹಾದಿಯಲ್ಲಿ ಒಂದು ಮೆರವಣಿಗೆ ಅಡ್ಡಬಂದರೆ ಎಲ್ಲ ವಾಹನಗಳೂ ನಿಂತು ಕಾಯುತ್ತವೆ, ಯಾರೂ ಹಾರನ್ ಒತ್ತುವುದಿಲ್ಲ. ಸನೂರಿನಿಂದ ಒಳನಾಡಿನ ಉಬುದ್ ಪಟ್ಟಣಕ್ಕೆ ಇರುವುದು ಸುಮಾರು 25 ಕಿಲೋಮೀಟರ್, ಹಿಡಿಯುವುದು ಒಂದು ಗಂಟೆಗೂ ಹೆಚ್ಚು. ಉಬುದ್‌ನಿಂದ ಲೆಂಪುಯಾಂಗ್‌ಗೆ ಎರಡು ಗಂಟೆಯ ಮೇಲೆ. ಅಲ್ಲಿಗೆ ಹೋದ ಮೇಲೆ ಚೀಟಿ ಹಿಡಿದು ಸರದಿಗಾಗಿ ಗಂಟೆಗಟ್ಟಲೆ ಕಾಯಬೇಕು. ಚಿತ್ರಗಳಲ್ಲಿ ಬಾಗಿಲ ಮುಂದೆ ಕಾಣುವ ಕೆರೆಯಂತೂ ಅಲ್ಲಿ ಇಲ್ಲವೇ ಇಲ್ಲ: ಛಾಯಾಗ್ರಾಹಕ ಮೊಬೈಲಿನ ಕೆಳಗೆ ಸಣ್ಣ ಕನ್ನಡಿ ಹಿಡಿದು ಆ ಪ್ರತಿಬಿಂಬವನ್ನು ಮೂಡಿಸುತ್ತಾನೆ. ಅದು ಗೊತ್ತಾದ ದಿನ ನಮ್ಮ ಚಿಕ್ಕಮ್ಮ ನಕ್ಕ ನಗು ಇನ್ನೂ ನೆನಪಿದೆ. ಕೆಲಿಂಗ್‌ಕಿಂಗ್ ನೋಡಲು ಮೊದಲು ವೇಗದ ದೋಣಿ, ಆಮೇಲೆ ಕುಲುಕುವ ರಸ್ತೆ. ಮೇಲಿನಿಂದ ನೋಡಿ ಹಿಂತಿರುಗುವುದಾದರೂ ಮೊಣಕಾಲು ನೋವಿನವರಿಗೆ ಇಡೀ ದಿನದ ಶಿಕ್ಷೆಯೇ. ಅವೆರಡನ್ನೂ ಕೈಬಿಡಿ. ಬಾಟೂರ್ ಹತ್ತುವ ಮಾತಂತೂ ಬೇಡ.

ಉಳಿದುಕೊಳ್ಳಲು ಎರಡೇ ಊರು ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಐದು ರಾತ್ರಿ ಸನೂರು, ಮೂರು ರಾತ್ರಿ ಗದ್ದೆಗಳ ನಡುವಿನ ಸಿಡೆಮೆನ್, ಹೊರಡುವ ಹಿಂದಿನ ರಾತ್ರಿ ಮತ್ತೆ ಸನೂರು. ವಿಮಾನ ನಿಲ್ದಾಣದಿಂದ ಸನೂರಿಗೆ ಅರ್ಧ, ಮುಕ್ಕಾಲು ಗಂಟೆ ಸಾಕಾಗುವುದರಿಂದ ಬಂದಿಳಿದ ದಿನದ ಆಯಾಸವೂ ಕಡಿಮೆ.

ಸನೂರು ಪೂರ್ವ ದಿಕ್ಕಿನ ಕಡಲತೀರ. ದಡದಿಂದ ಸ್ವಲ್ಪ ದೂರದಲ್ಲಿ ಹವಳದ ದಿಬ್ಬವೊಂದು ಉದ್ದಕ್ಕೂ ಅಡ್ಡಗಟ್ಟಿರುವುದರಿಂದ ದೊಡ್ಡ ಅಲೆಗಳು ಅಲ್ಲಿಯೇ ಒಡೆದು, ಈಚೆಗೆ ಬರುವ ನೀರು ಕೆರೆಯಂತೆ ಶಾಂತವಾಗಿರುತ್ತದೆ. ಕುಟಾ, ಸೆಮಿನ್ಯಾಕ್‌ಗಳ ಪಶ್ಚಿಮ ತೀರದ ಅಬ್ಬರ ಇಲ್ಲಿಲ್ಲ. ಮಕ್ಕಳನ್ನು ನೀರಿಗೆ ಬಿಟ್ಟು ದಡದಲ್ಲಿ ಕುಳಿತು ಕಾಫಿ ಕುಡಿಯಬಹುದು. ಆದರೆ ಇಳಿತದ ಹೊತ್ತಿಗೆ ನೀರು ಮೊಣಕಾಲಿಗೂ ಬಾರದಷ್ಟು ಹಿಂದೆ ಸರಿದು, ಪಾಚಿಯೂ ಕಲ್ಲೂ ಮೇಲೆದ್ದು ನಿಲ್ಲುತ್ತವೆ ಎಂಬುದನ್ನು ಹೋಟೆಲಿನವರು ಹೇಳುವುದಿಲ್ಲ. ಈಜುವುದು ಭರತದ ಹೊತ್ತಿನಲ್ಲಿ ಎಂದು ನೆನಪಿಡಿ. ಕಡಲ ಪಕ್ಕದಲ್ಲೇ ಐದು ಕಿಲೋಮೀಟರಿಗೂ ಹೆಚ್ಚು ಉದ್ದದ ಸಮತಟ್ಟಾದ ಕಾಲುದಾರಿಯಿದೆ, ಅಲ್ಲಲ್ಲಿ ಮರದ ನೆರಳು, ಕೂರಲು ಕಟ್ಟೆಗಳಿವೆ. ನಿಮ್ಮ ತಾಯಿಯವರ ಎರಡು ಕಿಲೋಮೀಟರಿಗೆ ಇದು ಹೇಳಿಮಾಡಿಸಿದಂತಿದೆ. ಬೆಳಿಗ್ಗೆ ಆರಕ್ಕೆ ಎದ್ದರೆ 3,000 ಮೀಟರಿಗೂ ಎತ್ತರದ ಆಗುಂಗ್ ಪರ್ವತ ಈಶಾನ್ಯದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಹೊತ್ತೇರಿದಂತೆ ಮೋಡ ಮುಚ್ಚಿಬಿಡುತ್ತದೆ.

ಮೇ ತಿಂಗಳನ್ನು ಆರಿಸಿಕೊಂಡದ್ದು ಒಳ್ಳೆಯದಾಯಿತು. ಸಮಭಾಜಕ ವೃತ್ತದ ದಕ್ಷಿಣಕ್ಕಿರುವ ಈ ದ್ವೀಪದಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಮಳೆಗಾಲ. ನಮ್ಮಲ್ಲಿ ಸೆಕೆ ಏರಿ ಮಳೆಗೆ ಕಾಯುವ ಹೊತ್ತಿನಲ್ಲಿ ಇಲ್ಲಿ ಒಣಹವೆ ಶುರುವಾಗಿರುತ್ತದೆ. ಜುಲೈ, ಆಗಸ್ಟಿನ ನೂಕುನುಗ್ಗಲು ಇನ್ನೂ ಬಂದಿರುವುದಿಲ್ಲ.

ನಿವೃತ್ತ ಮೇಷ್ಟ್ರು, ಮೈಸೂರು

ಸನೂರಿನ ಸಹೋದರಿಯ ಮಾತನ್ನು ಅನುಭವದಿಂದ ಒಪ್ಪುತ್ತೇನೆ. ನಾನು ಮತ್ತು ನನ್ನ ಮನೆಯವರು ಹೋಗಿದ್ದಾಗ ಉಬುದ್‌ನಲ್ಲಿ ಉಳಿದು, ಮೊದಲ ದಿನವೇ ತಂಪಕ್‌ಸಿರಿಂಗ್ ಬಳಿಯ ಗುನುಂಗ್ ಕಾವಿಗೆ ಹೋದೆವು. ಹನ್ನೊಂದನೆಯ ಶತಮಾನದಲ್ಲಿ ಬಂಡೆಯಲ್ಲೇ ಕೊರೆದ ಆ ಮಂದಿರಗಳು ಅದ್ಭುತವಾದವು. ಆದರೆ ಅಲ್ಲಿಗಿಳಿಯಲು ಸುಮಾರು ಮುನ್ನೂರು ಮೆಟ್ಟಿಲುಗಳಿವೆ ಎಂದು ನಮ್ಮನ್ನು ಕರೆದೊಯ್ದ ಚಾಲಕ ಹೇಳಲೇ ಇಲ್ಲ. ಇಳಿಯುವಾಗ ಉತ್ಸಾಹವಿತ್ತು. ಹತ್ತುವಾಗ ನಮ್ಮ ಮನೆಯವರು ಪ್ರತಿ ಇಪ್ಪತ್ತು ಮೆಟ್ಟಿಲಿಗೊಮ್ಮೆ ಕುಳಿತು, ಮೇಲೆ ತಲುಪುವಷ್ಟರಲ್ಲಿ ಒಂದು ಗಂಟೆ ಕಳೆಯಿತು; ಮರುದಿನ ಅವರು ಕೋಣೆ ಬಿಟ್ಟು ಹೊರಬರಲಿಲ್ಲ. ತಾಯಿಯವರಿದ್ದಾರೆಂದರೆ ಎಲ್ಲಿಗೆ ಹೊರಡುವ ಮುನ್ನವೂ "ಮೆಟ್ಟಿಲು ಎಷ್ಟು?" ಎಂದು ಕೇಳಿ.

ಮೆಟ್ಟಿಲಿನ ಕಾಟವಿಲ್ಲದ ಎರಡು ಜಾಗಗಳನ್ನು ಸೂಚಿಸುತ್ತೇನೆ. ಒಂದು ಸನೂರಿನಲ್ಲೇ ಇರುವ ಬ್ಲಾಂಜೊಂಗ್ ಶಾಸನಸ್ತಂಭ. ಶ್ರೀ ಕೇಸರಿ ವರ್ಮದೇವನೆಂಬ ಅರಸ ಶಕವರ್ಷ 835ರಲ್ಲಿ, ಎಂದರೆ ಸುಮಾರು ಕ್ರಿ.ಶ. 914ರಲ್ಲಿ, ಸಂಸ್ಕೃತ ಮತ್ತು ಪ್ರಾಚೀನ ಬಾಲಿ ಭಾಷೆಗಳಲ್ಲಿ ಬರೆಸಿದ ವಿಜಯಶಾಸನವದು. ಅದು ನಮ್ಮ ಪಂಪ ಬಾಳಿದ ಶತಮಾನವೇ ಎಂಬುದನ್ನು ನೆನೆದು ಆ ಕಂಬದ ಮುಂದೆ ನಾನು ಬಹಳ ಹೊತ್ತು ನಿಂತಿದ್ದೆ. ಅಲ್ಲಿ ಇನ್ನೊಬ್ಬ ಪ್ರವಾಸಿ ಇರಲಿಲ್ಲ.

ಇನ್ನೊಂದು ಸಿಡೆಮೆನ್‌ಗೆ ಹೋಗುವ ದಾರಿಯಲ್ಲಿ ಸಿಗುವ ಕ್ಲುಂಗ್‌ಕುಂಗ್ ಪಟ್ಟಣದ ಕೆರ್ತಾ ಗೋಸಾ, ಹಿಂದಿನ ಅರಸರ ನ್ಯಾಯಮಂಟಪ. ಒಳಛಾವಣಿಯ ತುಂಬ ಸಾಲುಸಾಲಾಗಿ ಚಿತ್ರಗಳಿವೆ. ಕುತ್ತಿಗೆ ಎತ್ತಿ ನೋಡುತ್ತಾ ಹೋದಂತೆ ಗದೆ ಹಿಡಿದ ಭೀಮಸೇನ ಕಂಡ. ತಂದೆ ಪಾಂಡುವಿನ ಆತ್ಮವನ್ನು ಬಿಡಿಸಿಕೊಂಡು ಬರಲು ಭೀಮ ನರಕಕ್ಕಿಳಿದು, ಅಲ್ಲಿಂದ ಸ್ವರ್ಗಕ್ಕೆ ಹೋಗುವ ಕಥೆಯಂತೆ. "ಭೀಮ ಸ್ವರ್ಗ" ಎಂದೇ ಅದರ ಹೆಸರು. ನಮ್ಮ ಕುಮಾರವ್ಯಾಸನನ್ನು ಹತ್ತಾರು ಸಲ ಓದಿಸಿದವನಿಗೂ ಈ ಭೀಮ ಹೊಸಬ. ಸುಳ್ಳು ಹೇಳಿದವರಿಗೂ ಕದ್ದವರಿಗೂ ಆಗುವ ಶಿಕ್ಷೆಗಳು ಬಿಡಿಬಿಡಿಯಾಗಿ ಚಿತ್ರಿತವಾಗಿವೆ. ತೀರ್ಪಿಗೆ ಕಾದು ಕುಳಿತವನು ತಲೆಯೆತ್ತಿದರೆ ಕಾಣುತ್ತಿದ್ದುದು ಅದೇ. ಮಗುವಿಗೆ ಕಥೆ ಹೇಳಲು ಅಜ್ಜಿಗೆ ಅರ್ಧ ದಿನದ ಸರಕು ಅಲ್ಲಿದೆ.

ಹೆಗಲ ಮೇಲಿನ ಚೀಲ

ಮೇಷ್ಟ್ರೇ, ಮೆಟ್ಟಿಲಿನ ವಿಷಯದಲ್ಲಿ ಸೋತೆ. ಆದರೂ ಒಂದು ಸಂದೇಹ: ಹತ್ತು ವರ್ಷದ ಹುಡುಗಿ ಒಂಬತ್ತು ದಿನ ಕಾಲುದಾರಿ, ಗದ್ದೆ, ಶಾಸನ ಎಂದರೆ ಸುಮ್ಮನಿರುತ್ತಾಳೆಯೇ? ಸಿಡೆಮೆನ್ ಬದಲು ಆಮೆಡ್‌ಗೆ ಹೋದರೆ ಈಜುಗನ್ನಡಕ ಹಾಕಿಕೊಂಡು ನೀರಿನೊಳಗಿನ ಮೀನು, ಹವಳ ನೋಡಬಹುದು. ಪಕ್ಕದ ತುಲಾಂಬೆನ್‌ನಲ್ಲಿ ಅಮೆರಿಕದ ಲಿಬರ್ಟಿ ಹಡಗಿನ ಅವಶೇಷ ದಡಕ್ಕೆ ಅಷ್ಟು ಹತ್ತಿರ ಮುಳುಗಿರುವುದು ಬೇರೆಲ್ಲಿ ಸಿಗುತ್ತದೆ?

ಸನೂರಿನ ಕನ್ನಡತಿ

ಪ್ರಶ್ನೆ ನ್ಯಾಯವಾದದ್ದೇ. ಆ ಹಡಗಿನ ಕಥೆಯೂ ಸ್ವಾರಸ್ಯಕರ: 1942ರ ಜನವರಿಯಲ್ಲಿ ಜಪಾನಿ ಜಲಾಂತರ್ಗಾಮಿಯ ಹೊಡೆತ ತಿಂದು ತುಲಾಂಬೆನ್ ದಡದಲ್ಲಿ ಬಿದ್ದಿದ್ದ ಅದನ್ನು 1963ರಲ್ಲಿ ಆಗುಂಗ್ ಸ್ಫೋಟಿಸಿದಾಗಿನ ಕಂಪನ ಸಮುದ್ರದೊಳಕ್ಕೆ ಸರಿಸಿತು. ಆದರೆ ಆ ದಡ ಮರಳಿನದಲ್ಲ, ತೆಂಗಿನಕಾಯಿ ಗಾತ್ರದ ಉರುಟುಕಲ್ಲುಗಳದ್ದು. ಅಜ್ಜಿಯವರು ಅಲ್ಲಿ ನಾಲ್ಕು ಹೆಜ್ಜೆ ಇಡುವುದೂ ಕಷ್ಟ. ಆಮೆಡ್ ವಿಮಾನ ನಿಲ್ದಾಣದಿಂದ ಮೂರು ಗಂಟೆಯ ದೂರದಲ್ಲಿದೆ ಎಂಬುದೂ ಇದೆ. ಮಗಳಿಗೆ ಈಜು ಬಂದರೆ ತಂದೆ ಮಗಳಿಬ್ಬರೇ ಸಿಡೆಮೆನ್‌ನಿಂದ ಒಂದು ಬೆಳಿಗ್ಗೆ ಹೋಗಿ ಬರಲಿ.

ಸಿಡೆಮೆನ್‌ನಲ್ಲಿ ಮಗುವಿಗೆ ಬೇಸರವಾದದ್ದನ್ನು ನಾನು ಕಂಡಿಲ್ಲ. ಗದ್ದೆಯ ಅಂಚಿನಲ್ಲಿ ನೀರು ಒಂದು ಮಡಿಯಿಂದ ಇನ್ನೊಂದಕ್ಕೆ ಇಳಿಯುವ ಸದ್ದು ಹಗಲೂ ರಾತ್ರಿಯೂ ಕೇಳಿಸುತ್ತದೆ. ಆ ನೀರನ್ನು ಹಂಚುವ ರೈತರ ಕೂಟಕ್ಕೆ ಸುಬಾಕ್ ಎಂದು ಹೆಸರು; ಯಾರ ಗದ್ದೆಗೆ ಯಾವಾಗ ನೀರು ಎಂಬುದನ್ನು ನೀರಿನ ದೇಗುಲಗಳ ಸುತ್ತ ಸೇರಿ ತೀರ್ಮಾನಿಸುವ ಈ ಪದ್ಧತಿಯನ್ನು 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪ್ರವಾಸಿಗರು ಮುಗಿಬೀಳುವ ತೆಗಲ್ಲಾಲಾಂಗ್ ಗದ್ದೆಗಳಿಗೆ ಹೋಗಿ ಜೋಕಾಲಿಯ ಸರದಿಯಲ್ಲಿ ನಿಲ್ಲುವುದರ ಬದಲು ಇಲ್ಲಿ ಜಗಲಿಯ ಮೇಲೆ ಕುಳಿತರೆ ಅಂಥದೇ ಗದ್ದೆ ಕಾಲ ಬುಡದಲ್ಲಿರುತ್ತದೆ. ಮಗ್ಗದ ಮನೆಗಳಿಗೆ ಹೋದರೆ ನೂಲಿಗೇ ಮೊದಲು ಗಂಟು ಕಟ್ಟಿ ಬಣ್ಣ ಹಾಕಿ, ಆಮೇಲೆ ನೇಯುವ ಎಂಡೆಕ್ ಬಟ್ಟೆಯನ್ನು ಹತ್ತಿರದಿಂದ ನೋಡಬಹುದು.

ಕ್ಲುಂಗ್‌ಕುಂಗ್‌ನಿಂದ ಸ್ವಲ್ಪ ಆಚೆ, ಕುಸಾಂಬಾದ ಕಪ್ಪು ಮರಳಿನ ದಡದಲ್ಲಿ ಉಪ್ಪು ಮಾಡುವವರಿದ್ದಾರೆ. ಸಮುದ್ರದ ನೀರನ್ನು ಹೆಗಲ ಮೇಲಿನ ಅಡ್ಡೆಯಲ್ಲಿ ಹೊತ್ತು ತಂದು, ಹದವಾಗಿ ಹರಡಿದ ಮರಳಿನ ಮೇಲೆ ಮಳೆಯಂತೆ ಚಿಮುಕಿಸುತ್ತಾರೆ. ಬಿಸಿಲಿಗೆ ಒಣಗಿದ ಮರಳನ್ನು ಕೆರೆದು ಸೋಸಿ, ಸಿಕ್ಕ ಗಟ್ಟಿ ಉಪ್ಪುನೀರನ್ನು ಸೀಳಿದ ತೆಂಗಿನ ಕಾಂಡದ ದೋಣಿಗಳಲ್ಲಿ ಹೊಯ್ಯುತ್ತಾರೆ. ಸಂಜೆಗೆ ತೆಳ್ಳನೆಯ ಬಿಳಿ ಹರಳು. ನಮ್ಮ ಹುಡುಗರು ಅಲ್ಲಿಂದ ಏಳಲು ಒಪ್ಪಿರಲಿಲ್ಲ.

ಇನ್ನು ಅಜ್ಜಿ, ಮೊಮ್ಮಗಳು ಇಬ್ಬರಿಗೂ ಸೇರುವ ಒಂದು ಕೆಲಸವಿದೆ. ಪ್ರತಿ ಮನೆಯ ಬಾಗಿಲಲ್ಲೂ ದಿನವೂ ಇಡುವ ಚಾನಾಂಗ್ ಸಾರಿ ಎಂಬ ಪುಟ್ಟ ಹೂತಟ್ಟೆ. ಎಳೆಯ ತೆಂಗಿನ ಗರಿಯನ್ನು ಮಡಿಸಿ, ಬಿದಿರಿನ ಕಡ್ಡಿಯಿಂದ ಚುಚ್ಚಿ ಚೌಕ ಮಾಡುತ್ತಾರೆ. ಪೂರ್ವಕ್ಕೆ ಬಿಳಿ, ದಕ್ಷಿಣಕ್ಕೆ ಕೆಂಪು, ಪಶ್ಚಿಮಕ್ಕೆ ಹಳದಿ, ಉತ್ತರಕ್ಕೆ ನೀಲಿ ಅಥವಾ ಹಸಿರು ಹೂವು. ಮುತ್ತುಗದ ಎಲೆ ಹಚ್ಚಿ ಅಭ್ಯಾಸವಿದ್ದ ನಮ್ಮ ಅತ್ತೆಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಮನೆಯೊಡತಿಯ ಪಕ್ಕದಲ್ಲಿ ಕುಳಿತು, ಭಾಷೆ ಬಾರದೆಯೇ, ಒಂದು ಬೆಳಿಗ್ಗೆ ನಲವತ್ತು ತಟ್ಟೆ ಮಾಡಿದರು. ಹೋಟೆಲಿಗಿಂತ ಕುಟುಂಬದವರೇ ನಡೆಸುವ ತಂಗುಮನೆಯಲ್ಲಿ ಉಳಿಯಿರಿ ಎಂದು ಹೇಳುವುದು ಇದಕ್ಕಾಗಿಯೇ.

ಅನ್ನ ಸಾರು

ಊಟದ ವಿಷಯ ಯಾರೂ ಎತ್ತಲಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಬಾಲಿಯವರು ಹಿಂದೂಗಳಾದ್ದರಿಂದ ಸಸ್ಯಾಹಾರ ಸುಲಭವಾಗಿ ಸಿಗುತ್ತದೆ ಎಂದು ನಂಬಿ ಹೋದ ನಾವು ಮೊದಲ ರಾತ್ರಿಯೇ ಪೆಚ್ಚಾದೆವು. ಅಲ್ಲಿ ಹಬ್ಬದ ಅಡುಗೆ ಎಂದರೆ ಹಂದಿಮಾಂಸ. ತರಕಾರಿ ಪಲ್ಯಕ್ಕೂ ತೆರಾಸಿ ಎಂಬ ಸೀಗಡಿಯ ಹುದುಗು ಬೀಳುತ್ತದೆ, ಅನ್ನದ ಪಕ್ಕದಲ್ಲಿ ಇಡುವ ಹಪ್ಪಳವೂ ಎಷ್ಟೋ ಕಡೆ ಸೀಗಡಿಯದೇ. ಗಾಡೋ ಗಾಡೋ ಎಂಬ ಬೇಯಿಸಿದ ತರಕಾರಿ ಮತ್ತು ಶೇಂಗಾ ಗೊಜ್ಜು ನೋಡಲು ನಿರಪಾಯಕಾರಿ; ಅದರ ಗೊಜ್ಜಿನಲ್ಲೂ ತೆರಾಸಿ ಇರಬಹುದು, ಮೇಲೆ ಮೊಟ್ಟೆಯಂತೂ ಇರುತ್ತದೆ.

ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: "ತಿಡಾಕ್ ಮಾಕಾನ್ ದಾಗಿಂಗ್, ಇಕಾನ್, ತೆಲೂರ್" ಎಂದರೆ ಮಾಂಸ, ಮೀನು, ಮೊಟ್ಟೆ ತಿನ್ನುವುದಿಲ್ಲ, "ತನ್ಪಾ ತೆರಾಸಿ, ತನ್ಪಾ ಉಡಾಂಗ್" ಎಂದರೆ ತೆರಾಸಿ ಬೇಡ, ಸೀಗಡಿ ಬೇಡ. ಹೀಗೆ ಬಿಡಿಸಿ ಹೇಳಿದರೆ ಯಾರೂ ಬೇಸರಿಸಿಕೊಳ್ಳುವುದಿಲ್ಲ. ಟೆಂಪೆ, ಎಂದರೆ ಸೋಯಾ ಕಾಳನ್ನು ಹುದುಗಿಸಿ ಬಿಲ್ಲೆ ಕಟ್ಟಿದ್ದು, ಹುರಿದರೆ ಗರಿಗರಿಯಾಗಿ ನಮ್ಮವರಿಗೆ ಹಿಡಿಸುತ್ತದೆ. ತೆಂಗಿನ ತುರಿ ಹಾಕಿದ ಉರಾಪ್ ನಮ್ಮ ಪಲ್ಯದ ದಾಯಾದಿಯೇ, ತೆರಾಸಿ ಬೇಡವೆಂದು ಹೇಳಿದರಾಯಿತು. ಅಡುಗೆಕಟ್ಟೆಯಿರುವ ಕೋಣೆ ಹಿಡಿದು, ಊರಿನಿಂದ ಸಾರಿನ ಪುಡಿ, ಗೊಜ್ಜವಲಕ್ಕಿ ಪುಡಿ ಒಯ್ದರೆ ಅಮ್ಮನ ರಾತ್ರಿಯ ಊಟದ ಚಿಂತೆ ತಪ್ಪಿತು. ಹಸಿ ತರಕಾರಿ, ಹಣ್ಣು, ಬೀಜಗಳನ್ನು ಮಾತ್ರ ಒಯ್ಯಬೇಡಿ. ನಲ್ಲಿಯ ನೀರನ್ನು ಬಾಯಿ ಮುಕ್ಕಳಿಸಲೂ ಬಳಸಬೇಡಿ.

ಲೆಕ್ಕದ ಪುಸ್ತಕ

ಖರ್ಚಿನ ಬಗ್ಗೆ ಚುಟುಕಾಗಿ. ಭಾರತೀಯರಿಗೆ ಅಲ್ಲಿಗೆ ಹೋದ ಮೇಲೆ 30 ದಿನಗಳ ವೀಸಾ ಸಿಗುತ್ತದೆ; ತಲೆಗೆ 5 ಲಕ್ಷ ರುಪಿಯಾ (ಇಂಡೋನೇಷ್ಯಾದ ಹಣ), ಮೊದಲೇ ಆನ್‌ಲೈನಿನಲ್ಲಿಯೂ ಪಡೆಯಬಹುದು. ಅದಲ್ಲದೆ 2024ರ ಫೆಬ್ರವರಿ 14ರಿಂದ ವಿದೇಶಿ ಪ್ರವಾಸಿಗರಿಗೆ ತಲಾ ಒಂದೂವರೆ ಲಕ್ಷ ರುಪಿಯಾ ತೆರಿಗೆಯಿದೆ. ಅಂಕಿ ನೋಡಿ ಗಾಬರಿಯಾಗಬೇಡಿ: ಇತ್ತೀಚೆಗೆ ನಮ್ಮ ಒಂದು ರೂಪಾಯಿಗೆ 180ರಿಂದ 190 ರುಪಿಯಾದ ಆಸುಪಾಸು ಸಿಗುತ್ತಿದೆ. ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಬಾಕಿಯಿರಬೇಕು. ಬೆಂಗಳೂರಿನಿಂದ ಬಾಲಿಯ ಡೆನ್‌ಪಸಾರ್‌ಗೆ 2024ರಲ್ಲಿ ನೇರ ವಿಮಾನ ಆರಂಭವಾಗಿದೆ, ಅಮ್ಮನಿಗಾಗಿ ಅದನ್ನೇ ಹಿಡಿಯಿರಿ.

ಗಲ್ಲಿಯ ಅಂಗಡಿಯಲ್ಲಿ "ಹೆಚ್ಚಿನ ದರ" ಎಂಬ ಫಲಕ ನೋಡಿ ಹಣ ಬದಲಾಯಿಸಲು ಹೋಗಿ ನಾನು ಕೈ ಸುಟ್ಟುಕೊಂಡಿದ್ದೇನೆ. ಆತ ನನ್ನೆದುರಿಗೇ ಸಣ್ಣ ನೋಟುಗಳನ್ನು ಎಣಿಸಿ, ಮೇಜಿನ ಮೇಲೆ ತಟ್ಟಿ ಸರಿಮಾಡುವ ನೆಪದಲ್ಲಿ ಒಂದು ಹಿಡಿಯನ್ನು ಆ ಕಡೆ ಬೀಳಿಸಿದ್ದು ಕೋಣೆಗೆ ಬಂದು ಎಣಿಸಿದಾಗಲೇ ತಿಳಿದದ್ದು. ಬ್ಯಾಂಕಿನ ಎಟಿಎಂ ಬಳಸಿ. ಬದಲಾಯಿಸಲೇಬೇಕಾದರೆ ಕೊನೆಯದಾಗಿ ಎಣಿಸುವ ಕೈ ನಿಮ್ಮದಾಗಿರಲಿ.

ಸಾಗರದ ಕಡೆಯವನು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಏಜೆನ್ಸಿಯ ಪಟ್ಟಿಯನ್ನು ಕೈಬಿಟ್ಟಿದ್ದೇವೆ. ಮೇ 9ರಿಂದ ಐದು ರಾತ್ರಿ ಸನೂರು; 14ರಂದು ಕೆರ್ತಾ ಗೋಸಾ ಮತ್ತು ಕುಸಾಂಬಾ ನೋಡಿಕೊಂಡು ಸಿಡೆಮೆನ್, ಅಲ್ಲಿ ಮೂರು ರಾತ್ರಿ; 17ಕ್ಕೆ ಮತ್ತೆ ಸನೂರು. ಉಬುದ್‌ಗೆ ಒಂದೇ ದಿನ, ಅದೂ ಅಮ್ಮ ಬರಲು ಒಪ್ಪಿದರೆ. ಭೀಮನ ವಿಷಯ ಹೇಳಿದಾಗಿನಿಂದ ಅವರಿಗೆ ಸಿಡೆಮೆನ್‌ಗಿಂತ ಕ್ಲುಂಗ್‌ಕುಂಗ್ ಮುಖ್ಯವಾಗಿದೆ. ಉಳಿದಿರುವುದು ಮೂರು ಪ್ರಶ್ನೆ. ಹತ್ತಿರದ ಓಡಾಟಕ್ಕೆ ಸ್ಕೂಟರ್ ಬಾಡಿಗೆಗೆ ಪಡೆಯಬಹುದೇ? ದೇವಸ್ಥಾನಗಳಲ್ಲಿ ಏನು ನಿಯಮ? ಅಮ್ಮನ ಮಾತ್ರೆಗಳನ್ನು ಒಯ್ಯಲು ತೊಂದರೆಯಿದೆಯೇ?

ಸನೂರಿನ ಕನ್ನಡತಿ

ಸ್ಕೂಟರ್ ಯಾರಿಗೆ ಬೇಕಾದರೂ ಬಾಡಿಗೆಗೆ ಕೊಡುತ್ತಾರೆ, ಅದೇ ತೊಂದರೆ. ದ್ವಿಚಕ್ರಕ್ಕೆ ಅನ್ವಯಿಸುವ ಅಂತರರಾಷ್ಟ್ರೀಯ ಪರವಾನಗಿ ಇಲ್ಲದೆ ಓಡಿಸಿ ಬಿದ್ದರೆ ವಿಮೆಯವರು ಆಸ್ಪತ್ರೆಯ ಬಿಲ್ಲು ಕೊಡಲು ಒಪ್ಪದಿರಬಹುದು. ನೀವು ನಾಲ್ವರಿದ್ದೀರಿ, ಸನೂರಿನೊಳಗೆ ನಡೆಯಿರಿ. ದೂರ ಹೋಗುವ ದಿನ ಚಾಲಕನೊಡನೆ ಕಾರು ಹೇಳಿಕೊಳ್ಳಿ. ಹತ್ತು ಗಂಟೆಗೆ ನಾವು ಸಾಮಾನ್ಯವಾಗಿ ಆರರಿಂದ ಎಂಟು ಲಕ್ಷ ರುಪಿಯಾ ಕೊಡುತ್ತೇವೆ.

ದೇವಸ್ಥಾನದಲ್ಲಿ ಗಂಡಸರೂ ಹೆಂಗಸರೂ ಸೊಂಟಕ್ಕೆ ಬಟ್ಟೆ ಸುತ್ತಿ, ಮೇಲೊಂದು ನಡುಪಟ್ಟಿ ಕಟ್ಟಬೇಕು. ನಿಮ್ಮ ಪಂಚೆಯೇ ಸಾಕು, ನಡುಪಟ್ಟಿಗೆ ಶಲ್ಯ ಇದ್ದರಾಯಿತು. ಮುಟ್ಟಾದ ಹೆಂಗಸರು ಒಳಗೆ ಹೋಗಬಾರದೆಂಬ ಫಲಕ ಇಲ್ಲಿನ ದೇವಸ್ಥಾನಗಳ ಬಾಗಿಲಲ್ಲೇ ಇರುತ್ತದೆ. ಗರ್ಭಗುಡಿಯ ಮೂರ್ತಿಯನ್ನು ಹುಡುಕಬೇಡಿ ಎಂದು ಅಮ್ಮನಿಗೆ ಮೊದಲೇ ಹೇಳಿರಿ: ಬಯಲಿನಲ್ಲಿ ಎತ್ತರದ ಕಲ್ಲಿನ ಪದ್ಮಾಸನವೊಂದು ಖಾಲಿಯಾಗಿರುತ್ತದೆ, ಪೂಜೆ ಅದಕ್ಕೇ. ನಮ್ಮ ಅತ್ತೆ ಮೊದಲ ದಿನ ಸುತ್ತಮುತ್ತ ನೋಡಿ "ದೇವರು ಎಲ್ಲಿಗೆ ಹೋದ?" ಎಂದು ಕೇಳಿದ್ದರು.

ಮಾತ್ರೆಗಳನ್ನು ಅವುಗಳ ಮೂಲ ಪೊಟ್ಟಣದಲ್ಲಿಯೇ, ವೈದ್ಯರ ಚೀಟಿಯ ಸಮೇತ ತನ್ನಿ. ಮಾದಕವಸ್ತು ಕಾನೂನು ಇಲ್ಲಿ ಅತ್ಯಂತ ಕಠಿಣವಾದದ್ದರಿಂದ ನಿದ್ರೆಯ ಅಥವಾ ಬಲವಾದ ನೋವಿನ ಮಾತ್ರೆಗಳಿದ್ದರೆ ಚೀಟಿ ಮರೆಯಲೇಬೇಡಿ. ಮಗಳಿಗೆ ನಾಯಿ, ಕೋತಿಗಳನ್ನು ಮುಟ್ಟಬಾರದೆಂದು ಹೇಳಿಕೊಡಿ. 2008ರಿಂದ ಇಲ್ಲಿ ರೇಬೀಸ್ ಇದೆ. ಹಗಲೇ ಕಚ್ಚುವ ಡೆಂಗಿ ಸೊಳ್ಳೆಗೆ ಮುಲಾಮು ಇರಲಿ.

ನಿಮ್ಮ ದಿನಾಂಕಗಳನ್ನು ಪಂಚಾಂಗದಲ್ಲಿ ನೋಡಿದೆ. ಮೇ 16 ಅಮಾವಾಸ್ಯೆ, ಇಲ್ಲಿ ಅದನ್ನು ತಿಲೆಮ್ ಎನ್ನುತ್ತಾರೆ. ಆ ದಿನ ನೀವು ಸಿಡೆಮೆನ್‌ನಲ್ಲಿರುವುದರಿಂದ ತಂಗುಮನೆಯವರು ಎಂದಿಗಿಂತ ಹೆಚ್ಚು ಹೂತಟ್ಟೆಗಳನ್ನು ಮಾಡುತ್ತಿರುತ್ತಾರೆ. ಹಿಂದಿನ ಸಂಜೆಯೇ ಹೇಳಿಟ್ಟರೆ ಅಮ್ಮನಿಗೂ ಒಂದು ಕಟ್ಟು ಗರಿ ಎತ್ತಿಡುತ್ತಾರೆ. ಅಮಾವಾಸ್ಯೆಯ ಆಸುಪಾಸಿನಲ್ಲಿ ಭರತ ಇಳಿತಗಳ ಅಂತರ ಹೆಚ್ಚು, ಆದ್ದರಿಂದ 17ರಂದು ಸನೂರಿಗೆ ಮರಳಿದಾಗ ನೀರು ಬಹಳ ದೂರ ಹಿಂದೆ ಸರಿದಿದ್ದರೆ ಈಜು ಕೈತಪ್ಪಿತೆಂದು ಮಗಳು ಮುನಿಸಿಕೊಂಡಾಳು. ರಬ್ಬರಿನ ಚಪ್ಪಲಿ ಹಾಕಿಸಿ ಆ ಹಸಿ ಮರಳಿನ ಮೇಲೆ ಬಿಡಿ. ಕಲ್ಲುಗಳ ನಡುವೆ ನಿಂತ ನೀರಿನಲ್ಲಿ ನೀಲಿ ನಕ್ಷತ್ರಮೀನು ಸಿಗುವುದುಂಟು. ನೋಡಿ ಅಲ್ಲಿಯೇ ಬಿಡಬೇಕು.